ಗ್ಯಾಸ್ಟ್ರಿಕ್ಕೇ ಇರಬೇಕು ಬಿಡಿ

ಇಂಗ್ಲಿಷಿನಲ್ಲಿ ‘ಗ್ಯಾಸ್ಟ್ರಿಕ್’ ಅನ್ನುವುದು ಬಡಪಾಯಿ ಗುಣವಾಚಕ. ಜಠರಕ್ಕೆ ಸಂಬಂಧಪಟ್ಟದ್ದು ಅಂತ ಅರ್ಥ, ಅಷ್ಟೆ. ಪಕ್ಕದಲ್ಲಿ ಒಂದು ನಾಮಪದ ಆಸರೆಗೆ ಇಲ್ಲದಿದ್ದರೆ ನಿಲ್ಲುವ ತ್ರಾಣವೂ ಅದಕ್ಕಿಲ್ಲ. ಕನ್ನಡನಾಡಿಗೆ ಬಂದ ಮೇಲೆ ಅದರ ದೆಸೆ ತಿರುಗಿತು. ನಾವು ಅದಕ್ಕೆ ನಾಮಪದದ ಪಟ್ಟ ಕಟ್ಟಿದೆವು, ವಿಭಕ್ತಿ ಹಚ್ಚಿದೆವು, ಕೊನೆಗೆ ಕಾಲೂ ಕೊಟ್ಟೆವು. ಈಗ ಅದು ಹೊಟ್ಟೆಯಲ್ಲಿ ಹುಟ್ಟಿ, ಬೆನ್ನಿಗೆ ಹಿಡಿದುಕೊಂಡು, ಭುಜದಲ್ಲಿ ಒಂದು ರಾತ್ರಿ ತಂಗಿ, ಬೆಳಗಾಗುವಷ್ಟರಲ್ಲಿ ತಲೆಗೆ ಏರುತ್ತದೆ. ನಮ್ಮ ಆಫೀಸಿನ ಕ್ಯಾಷಿಯರಿಗೆ ಮೊನ್ನೆ ಮೊಣಕಾಲಿಗೆ ಇಳಿದಿತ್ತಂತೆ. ಬಿಎಂಟಿಸಿಗೂ ಇಷ್ಟೊಂದು ರೂಟಿಲ್ಲ.

ನನ್ನ ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ಒಂದೂವರೆ ವರ್ಷದಿಂದ ವಾರಕ್ಕೆ ಎರಡು ಮೂರು ದಿನ ಹೊಕ್ಕುಳಿನ ಕೆಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಸಂಜೆ ಹೊತ್ತಿಗೆ ಬೆಲ್ಟಿನ ಎರಡು ತೂತು ಸಡಿಲಿಸುವಷ್ಟು ಉಬ್ಬರ. ಆಮೇಲೆ ಓಟ. ಓಡಿ ಬಂದರೆ ನೋವು ಮಾಯ. ಎರಡು ದಿನ ಸಭ್ಯಸ್ಥನ ಹಾಗಿದ್ದು ಮತ್ತೆ ಹಾಜರ್. ಬೇರೆಯವರಿಗೆ ಬೆಂಗಳೂರು ಅಂದರೆ ವಿಧಾನಸೌಧ, ಲಾಲ್‌ಬಾಗು. ನನಗೆ ಮಾತ್ರ ಯಾವ ಮೆಟ್ರೊ ಸ್ಟೇಷನ್ನಿನಲ್ಲಿ ಶೌಚಾಲಯ ಟಿಕೆಟ್ ಗೇಟಿನ ಒಳಗಿದೆ, ಯಾವುದರಲ್ಲಿ ಹೊರಗಿದೆ, ಯಾವ ದರ್ಶಿನಿಯವನು ಕಾಫಿ ಕುಡಿಯದಿದ್ದರೂ ಬೀಗದ ಕೈ ಕೊಡುತ್ತಾನೆ ಅನ್ನುವುದೇ ನಗರದ ಭೂಪಟ.

ಈ ಅವಧಿಯಲ್ಲಿ ಹತ್ತೊಂಬತ್ತು ಜನ ನನ್ನ ಕಾಯಿಲೆ ಕಂಡುಹಿಡಿದಿದ್ದಾರೆ. ಅವರಲ್ಲಿ ಡಾಕ್ಟರು ಮೂವರು.

ಮೊದಲನೆಯವನು ಮೆಡಿಕಲ್ ಶಾಪಿನ ಹುಡುಗ. ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದವನು ತಲೆ ಎತ್ತದೆ ‘ಗ್ಯಾಸ್ಟ್ರಿಕ್ಕಾ ಸಾರ್?’ ಅಂದ. ನಾನು ‘ಹೊ...’ ಅನ್ನುವಷ್ಟರಲ್ಲಿ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂನ ಒಂದು ಶೀಟು ಕೌಂಟರಿನ ಮೇಲೆ ಬಿದ್ದಿತ್ತು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಶೀಟಿನ ಹಿಂದೆ ಬರೆದಿರುತ್ತದೆ. ಆ ಅಕ್ಷರ ಓದುವುದಕ್ಕೆ ಮೊದಲು ಕಣ್ಣಿನ ಡಾಕ್ಟರ ಚೀಟಿ ಬೇಕು. ಆ ಮಾತ್ರೆಯ ಕೆಲಸ ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳನ್ನು ಬಂದ್ ಮಾಡುವುದು. ನನ್ನ ನೋವಿದ್ದದ್ದು ಅಲ್ಲಿಂದ ಒಂದು ಗೇಣು ಕೆಳಗೆ. ಕೆಳಗಿನ ಮನೆಯಲ್ಲಿ ಜಗಳವಾದರೆ ಮೇಲಿನ ಮನೆಯ ನಲ್ಲಿ ನಿಲ್ಲಿಸಿದ ಹಾಗಾಯಿತು. ಆದರೂ ಮೂರು ತಿಂಗಳು ನುಂಗಿದೆ. ಯಾಕೆಂದರೆ ಈ ರಾಜ್ಯದಲ್ಲಿ ಹಲ್ಲು ಕೀಳಿಸಿದರೂ, ಕಾಲು ಉಳುಕಿದರೂ ಚೀಟಿಯ ತುದಿಯಲ್ಲಿ ಅದೇ ಮಾತ್ರೆ. ಮದುವೆ ಊಟದ ಎಲೆಗೆ ಉಪ್ಪು ಬಡಿಸಿದ ಹಾಗೆ, ಉಣ್ಣುವವನಿಗೆ ಬೇಕೋ ಬೇಡವೋ ಯಾರೂ ಕೇಳುವುದಿಲ್ಲ.

ಎರಡನೆಯವರು ಮೇಲಿನ ಮನೆಯ ಗದಗಿನ ಅಜ್ಜಿ. ಮೆಟ್ಟಿಲ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ಕೂತಿದ್ದು ನೋಡಿ, ‘ತಮ್ಮಾ, ನಿನ್ನ ಬಟ್ಟಿ ಸರದೈತಿ. ಡಾಕ್ಟರಗೇನ್ ತಿಳೀತೈತಿ ಇದು. ಅಂಗಾತ ಮಲ್ಕೋ’ ಅಂದರು. ಮಲಗಿದೆ. ಹೊಕ್ಕುಳಿನ ಸುತ್ತ ಹೆಬ್ಬೆರಳು ಒತ್ತಿ, ಎಣ್ಣೆ ತಿಕ್ಕಿ, ಸರಿದದ್ದನ್ನು ಜಾಗಕ್ಕೆ ಕೂರಿಸಿದರು. ಅಜ್ಜಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಒಂದೂವರೆ ವರ್ಷದಲ್ಲಿ ನನ್ನ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿದವರಲ್ಲಿ ಅವರೇ ಮೊದಲು.

ಕುಣಿಗಲ್ಲಿನ ಸೋದರತ್ತೆಯದು ಇನ್ನೂ ಆಳದ ಸಂಶೋಧನೆ. ‘ಯಾರೋ ಮದ್ದು ಆಕವ್ರೆ ಕಣಪ್ಪ ನಿಂಗೆ. ನಿನ್ ಎಂಡ್ತಿ ಕಡೆಯೋರ ಗೃಹಪ್ರವೇಶಕ್ಕೆ ಓಗ್ ಬಂದ್ಮೇಲೇ ಅಲ್ವಾ ಇದು ಶುರುವಾಗಿದ್ದು?’ ಅಂತ ಫೋನಿನಲ್ಲಿ ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ಮದ್ದು ಕಕ್ಕಿಸುವವರ ಊರು, ಹೋಗಬೇಕಾದ ವಾರ, ಖಾಲಿ ಹೊಟ್ಟೆಯ ನಿಯಮ ಎಲ್ಲ ವಿವರವಾಗಿ ಬಂತು. ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ನೋವಿದ್ದದ್ದು ಹೊಟ್ಟೆಯೊಂದರಲ್ಲೇ ಅಲ್ಲ.

ಭಾವಮೈದ ಮಾತ್ರ ವಿದ್ಯಾವಂತ. ಅವನಿಗೆ ಮದ್ದು, ಬಟ್ಟಿ ಯಾವುದರಲ್ಲೂ ನಂಬಿಕೆಯಿಲ್ಲ, ಗೋಧಿಯಲ್ಲಿರುವ ಪ್ರೋಟೀನಾದ ಗ್ಲುಟನ್‌ನಲ್ಲಿದೆ. ‘ಭಾವ, ಇವತ್ತಿಂದಲೇ ಗೋಧಿ ಬಿಟ್ಬಿಡಿ, ಮುಂದಿನ ತಿಂಗಳು ಸೀಲಿಯಾಕ್ ಟೆಸ್ಟ್ ಮಾಡಿಸೋಣ’ ಅಂದ. ಸೀಲಿಯಾಕ್ ಅಂದರೆ ಗ್ಲುಟನ್ನಿನಿಂದ ಸಣ್ಣ ಕರುಳು ಕೆಡುವ ಕಾಯಿಲೆ. ಅದರ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟು ತಿಂಗಳುಗಟ್ಟಲೆ ಆದಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು ಎನ್ನುವುದು ಆಮೇಲೆ ಗೊತ್ತಾಯಿತು. ಕಳ್ಳನನ್ನು ಬಸ್ಸು ಹತ್ತಿಸಿ ಬಂದು ಪೊಲೀಸರಿಗೆ ಫೋನ್ ಮಾಡುವ ಪದ್ಧತಿ.

ಆಸ್ಟ್ರೇಲಿಯಾದಲ್ಲಿ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರು ಇದ್ದಾರೆ. ಹೊಟ್ಟೆಹುಣ್ಣಿಗೆ ಟೆನ್ಷನ್ನು, ಖಾರ, ಆಮ್ಲ ಕಾರಣ ಎಂದು ಜಗತ್ತೆಲ್ಲ ಹೇಳುತ್ತಿದ್ದಾಗ, ಅಲ್ಲ, ಒಂದು ಬ್ಯಾಕ್ಟೀರಿಯ ಕಾರಣ ಎಂದರು. ಯಾರೂ ಕಿವಿಗೊಡಲಿಲ್ಲ. 1984ರಲ್ಲಿ ಆ ಬ್ಯಾಕ್ಟೀರಿಯ ಬೆಳೆಸಿದ ನೀರನ್ನು ತಾವೇ ಕುಡಿದು, ಕೆಲವೇ ದಿನದಲ್ಲಿ ವಾಂತಿ ಮಾಡಿಕೊಂಡು, ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಅವರು ಆಸ್ಟ್ರೇಲಿಯಾ ಬಿಟ್ಟು ಮಲ್ಲೇಶ್ವರದಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದ್ದೇನೆ. ಲೋಟ ಕೆಳಗಿಡುವ ಮೊದಲೇ ಯಾರೋ ‘ಖಾಲಿ ಹೊಟ್ಟೇಲಿ ಕುಡಿದ್ರಲ್ಲ, ಗ್ಯಾಸ್ಟ್ರಿಕ್ ಆಗತ್ತೆ ನೋಡಿ’ ಅನ್ನುತ್ತಿದ್ದರು. ವಾಂತಿಯಾದಾಗ ‘ನಾನ್ ಹೇಳ್ಲಿಲ್ವಾ?’ ಅನ್ನುತ್ತಿದ್ದರು. ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು.

ಇದರಲ್ಲಿ ನಗು ಬಾರದ ಭಾಗವೂ ಒಂದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವು ಎಂದು ಬಂದವರಿಗೆ ತಕ್ಷಣ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ಯೋಜನೆಯನ್ನು ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಮಾಡಿದೆ. ಮಿಷನ್ನಿದೆ, ಔಷಧಿಯಿದೆ. ಆದರೆ ಬೆವರುತ್ತಾ ಎದೆ ಹಿಡಿದುಕೊಂಡವನಿಗೂ ಆ ಮಿಷನ್ನಿಗೂ ನಡುವೆ ಒಂದು ಗೋಲಿ ಸೋಡಾ ಅಡ್ಡ ನಿಂತಿರುತ್ತದೆ. ‘ಗ್ಯಾಸ್ಟ್ರಿಕ್ಕೇ ಇರ್ಬೇಕು ಬಿಡಿ, ಒಂದು ತೇಗು ಬಂದ್ರೆ ಸರಿಹೋಗತ್ತೆ.’ ತೇಗಿಗಾಗಿ ಕಾಯುತ್ತಾ ಹೋದವರು ನಮ್ಮ ಬೀದಿಯಲ್ಲೇ ಇಬ್ಬರು.

ಇನ್ನು ಡಾಕ್ಟರುಗಳು. ಜಗತ್ತಿನ 67 ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಲೆಕ್ಕ ಹಾಕಿದ ಅಧ್ಯಯನವೊಂದು 2017ರಲ್ಲಿ ಬಂದಿತ್ತು. ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಹಾಗಾಗಿ ನಾವು ಹೆಮ್ಮೆಪಡಬಹುದು. ನೂಡಲ್ಸ್ ಬೇಯುವ ಹೊತ್ತಿನಲ್ಲಿ ನಾನು ಒಂದೂವರೆ ವರ್ಷದ ಕತೆ ಹೇಳಬೇಕು. ‘ಡಾಕ್ಟ್ರೇ, ಮೊದಲು ಇದು ಶುರುವಾಗಿದ್ದು ಶಿವರಾತ್ರಿ ಆದ ಮಾರನೆಯ ದಿನ...’ ಎಂದು ನಾನು ಪೀಠಿಕೆ ಹಾಕಿದೆ. ಶಿವರಾತ್ರಿಗೇ ಸಮಯ ಮುಗಿದಿತ್ತು. ಪ್ರಿಂಟರ್ ಚೀಟಿ ಉಗುಳುತ್ತಿತ್ತು.

ಎರಡನೆಯ ಡಾಕ್ಟರು ದೊಡ್ಡ ಆಸ್ಪತ್ರೆಯವರು. ಅಲ್ಲಿ ಕೇಳುವ ಪದ್ಧತಿಯೇ ಇಲ್ಲ, ನೋಡುವುದು ಮಾತ್ರ, ಅದೂ ಯಂತ್ರದಿಂದ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಅಂತ ಬಂತು. ನಲವತ್ತು ದಾಟಿದ ಬೆಂಗಳೂರಿನವನಿಗೆ ಇದು ಪಡಿತರ ಚೀಟಿಯಷ್ಟೇ ಸಾಮಾನ್ಯ ದಾಖಲೆ. ಎಂಡೋಸ್ಕೋಪಿಯಲ್ಲಿ ‘ಸೌಮ್ಯ ಗ್ಯಾಸ್ಟ್ರೈಟಿಸ್’, ಅಂದರೆ ಜಠರದ ಸಣ್ಣ ಉರಿಯೂತ, ಅಂತ ಬಂತು. ಮನೆಗೆ ಬಂದು ಓದಿ ಹೇಳಿದಾಗ ಗುಣವಾಚಕಕ್ಕೆ ಕೊನೆಗೂ ನಾಮಪದ ಸಿಕ್ಕಿದ ಸಂಭ್ರಮ. ಮೆಡಿಕಲ್ ಶಾಪಿನ ಹುಡುಗನ ಕಡೆ ಎಲ್ಲರೂ ಗೌರವದಿಂದ ನೋಡತೊಡಗಿದರು. ಡಾಕ್ಟರು ಮಾತ್ರ ‘ಅದು ಎಲ್ಲರಿಗೂ ಇರತ್ತೆ. ಕೊಲೊನೋಸ್ಕೋಪಿ ಮಾಡೋಣ’ ಅಂದರು.

ಕೊಲೊನೋಸ್ಕೋಪಿ ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು. ಅದಕ್ಕೆ ಹಿಂದಿನ ದಿನ ಒಂದು ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿದು ಮುಗಿಸಬೇಕು. ಆಮೇಲೆ ಕರುಳು ಕನ್ನಡಿಯಾಗುವ ತನಕ ಬಿಡುವಿಲ್ಲ. ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯಲ್ಲಿ ಯಾವ ಮಾತ್ರೆ ನಿಲ್ಲಿಸಬೇಕು, ಯಾವ ಜ್ಯೂಸು ಕುಡಿಯಬಾರದು ಎಲ್ಲ ಇತ್ತು. ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ ಅನ್ನುವುದು ಇರಲಿಲ್ಲ. ಪರೀಕ್ಷೆ ಗುರುವಾರ. ಬುಧವಾರ ನೀರು ಬರದ ದಿನ. ಮಂಗಳವಾರದ್ದೂ ಯಾವುದೋ ಪೈಪು ಒಡೆದು ಬಂದಿರಲಿಲ್ಲ. ನಮ್ಮನೆಯವಳು ನೀರಿನ ಸಂಪಿನೊಳಗೆ ಕೋಲು ಇಳಿಸಿ ನೋಡಿದಳು: ಗೇಣುದ್ದ. ನಾನು ನಾಲ್ಕನೆಯ ಲೋಟದಲ್ಲಿದ್ದೆ. ಉಪ್ಪುಪ್ಪು, ಸೋಪಿನ ನೊರೆ ಕಲಸಿದ ನಿಂಬೆ ಷರಬತ್ತಿನ ಹಾಗಿರುವ ರುಚಿ. ಹೊಟ್ಟೆಯೊಳಗೆ ಗುಡುಗು ಶುರುವಾಗಿತ್ತು. ಟ್ಯಾಂಕರಿನವನು ‘ರಾತ್ರಿ ಒಂಬತ್ತಾಗತ್ತೆ ಮೇಡಂ’ ಅನ್ನುತ್ತಿದ್ದ. ಇವಳು ‘ಅಣ್ಣಾ, ಅರ್ಜೆಂಟು’ ಅನ್ನುತ್ತಿದ್ದಳು. ‘ಫಂಕ್ಷನ್ನಾ?’ ಎಂದು ಕೇಳಿದ. ಹೌದು ಅಂದಳು. ಗದಗಿನ ಅಜ್ಜಿ ಎರಡು ಬಕೆಟ್ ನೀರು ತಂದು ಬಚ್ಚಲ ಬಾಗಿಲಲ್ಲಿಟ್ಟು, ‘ಬಟ್ಟಿ ಮತ್ತ ಸರದೈತಿ’ ಎಂದು ಹೊರಗಿನಿಂದಲೇ ಹೇಳಿ ಹೋದರು.

ಗುರುವಾರ ಮಧ್ಯಾಹ್ನ ವರದಿ ಬಂತು. ನಾರ್ಮಲ್. ‘ಕಂಗ್ರಾಟ್ಸ್, ಏನೂ ಇಲ್ಲ. ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಅಂದರು ಡಾಕ್ಟರು. ಚೀಟಿಯ ತುದಿಯಲ್ಲಿ ಪ್ಯಾಂಟೊಪ್ರಜೋಲ್ ಇತ್ತು. ಏನೂ ಇಲ್ಲ ಅನ್ನುವುದು ಕೇಳುವುದಕ್ಕೆ ಎಷ್ಟು ಹಿತವೋ ಮನೆಯಲ್ಲಿ ಹೇಳುವುದಕ್ಕೆ ಅಷ್ಟೇ ಕಷ್ಟ. ನೋಡಲು ಬಂದವರ ಕೈಯಲ್ಲಿ ಸೇಬು, ಎಳನೀರು. ಅವರ ಮುಖದಲ್ಲಿ ನಾಟಕ ಅರ್ಧಕ್ಕೆ ನಿಂತ ಬೇಜಾರು. ‘ಏನೂ ಇಲ್ವಂತಾ?’ ಎಂದು ಸೇಬಿನ ಚೀಲವನ್ನು ಸ್ವಲ್ಪ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಇನ್ಶೂರೆನ್ಸಿನವರಿಗೂ ಬೇಜಾರಾಯಿತು. ಒಂದು ರಾತ್ರಿ ಅಡ್ಮಿಟ್ ಆಗಿದ್ದರಿಂದ ಕ್ಲೇಮ್ ಹಾಕಿದ್ದೆ. ಪಾಲಿಸಿಗಳಲ್ಲಿ ಕೋಡ್ ಎಕ್ಸ್‌ಸಿಎಲ್ 04 ಎಂಬ ಒಂದು ಕಲಮು ಇದೆ: ಮುಖ್ಯವಾಗಿ ತಪಾಸಣೆಗೆಂದೇ ಆಸ್ಪತ್ರೆ ಸೇರಿದ್ದರೆ ಹಣ ಕೊಡುವುದಿಲ್ಲ. ಯಾವ ಕಾಯಿಲೆ ಎಂದು ಗೊತ್ತಿದ್ದವನಿಗೆ ದುಡ್ಡು ಬರುತ್ತದೆ, ಗೊತ್ತಿಲ್ಲದೆ ಹುಡುಕುವವನಿಗೆ ಇಲ್ಲ. ಎಮ್ಮೆ ಸಿಕ್ಕಮೇಲೆ ಹಗ್ಗ ಕೊಡುತ್ತೇವೆ ಅನ್ನುವ ಕಂಪನಿಗೆ ನಾನು ಎಂಟು ವರ್ಷದಿಂದ ಪ್ರೀಮಿಯಂ ಕಟ್ಟುತ್ತಿದ್ದೇನೆ.

ಮೂರನೆಯ ಡಾಕ್ಟರು ಸಿಕ್ಕಿದ್ದು ಅಕಸ್ಮಾತ್ತು. ಊರಿನಿಂದ ಬಂದ ಚಿಕ್ಕಪ್ಪನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಾರಿಡಾರಿನ ತುಂಬ ಜನ. ಆರಿದ ಟೀ ಪಕ್ಕಕ್ಕಿಟ್ಟುಕೊಂಡ ಸಣ್ಣ ಹುಡುಗಿ, ಇನ್ನೂ ಓದುತ್ತಿರುವ ಡಾಕ್ಟರು. ಚಿಕ್ಕಪ್ಪನದು ಮುಗಿದ ಮೇಲೆ ‘ನಂದೂ ಒಂದು ಸ್ವಲ್ಪ...’ ಅಂದೆ. ಕೂರಿ ಅಂದಳು. ಯಾವಾಗಿನಿಂದ, ಊಟವಾದ ಎಷ್ಟು ಹೊತ್ತಿಗೆ, ಹೊರಗೆ ಹೋಗಿ ಬಂದರೆ ಕಡಿಮೆಯಾಗತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸತ್ತಾ, ರಕ್ತ ಹೋಗಿದೆಯಾ, ತೂಕ ಇಳಿದು ಬೆಲ್ಟು ಸಡಿಲವಾಗಿದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ, ಕರುಳಿನ ಕ್ಯಾನ್ಸರ್ ಇತ್ತಾ, ಹಾಲು ಕುಡಿದ ದಿನ ಹೇಗೆ. ನಾನು ಶಿವರಾತ್ರಿಯಿಂದ ಶುರುಮಾಡಿದೆ; ಯುಗಾದಿ ದಾಟಿ ಗೌರಿಹಬ್ಬದ ತನಕ ಕೇಳಿಸಿಕೊಂಡಳು. ಆಮೇಲೆ ಒಂದು ಪಟ ತಿರುಗಿಸಿ ಮುಂದಿಟ್ಟಳು. ಬ್ರಿಸ್ಟಲ್ ಚಾರ್ಟ್ ಅಂತೆ. ಏಳು ಚಿತ್ರ. ಮೊದಲನೆಯದು ಆಡಿನ ಹಿಕ್ಕೆ, ಏಳನೆಯದು ತಿಳಿಸಾರು. ‘ಯಾವ ನಂಬರು ಸಾರ್?’ ಎಂದು ಕೇಳಿದಳು. ಹಿಂದೆ ಕ್ಯೂನಲ್ಲಿದ್ದ ಹೆಂಗಸರು ಕತ್ತು ಚಾಚಿದರು. ನಾನು ಆರನೆಯದರ ಮೇಲೆ ಬೆರಳಿಟ್ಟು ಕೂಡಲೇ ತೆಗೆದೆ.

ನನ್ನ ದಪ್ಪ ಫೈಲಿನ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿ, ‘ಐಬಿಎಸ್ ಸಾರ್’ ಅಂದಳು. ಇರಿಟೆಬಲ್ ಬವೆಲ್ ಸಿಂಡ್ರೋಮ್, ಅಂದರೆ ಸಿಡುಕು ಕರುಳು. ಕರುಳಿನ ಆಕಾರ ಸರಿಯಿದೆ, ನಡವಳಿಕೆ ಸರಿಯಿಲ್ಲ. ಅದಕ್ಕೇ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಇದಕ್ಕೆ ರೋಮ್ ಮಾನದಂಡ ಅಂತ ಇದೆಯಂತೆ, ನಾಲ್ಕನೆಯ ಆವೃತ್ತಿ 2016ರದು: ಮೂರು ತಿಂಗಳಿಂದ ವಾರಕ್ಕೆ ಕನಿಷ್ಠ ಒಂದು ದಿನ ನೋವು, ನೋವಿಗೂ ಶೌಚಕ್ಕೂ ನಂಟು, ಆರು ತಿಂಗಳ ಹಿಂದೆಯೇ ಶುರುವಾಗಿರಬೇಕು, ಹೀಗೆ. ಅಂದರೆ ನನ್ನ ಕಾಯಿಲೆ ಹಿಡಿಯುವ ಮುಖ್ಯ ಉಪಕರಣ ಕಿವಿ. ಅದಕ್ಕೆ ಪ್ಯಾಕೇಜ್ ಇಲ್ಲದಿರುವುದರಿಂದ ಯಾರೂ ಹೇಳಿರಲಿಲ್ಲ. ಕೆಲವು ವಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಬೇಳೆಕಾಳು ಕಡಿಮೆ ಮಾಡಿ ನೋಡಿ, ಆಮೇಲೆ ಒಂದೊಂದನ್ನೇ ವಾಪಸ್ ಸೇರಿಸೋಣ ಅಂದಳು. ಅದಕ್ಕೂ ಮೊದಲು ಎರಡು ವಾರ ಏನು ತಿಂದಿರಿ, ಎಷ್ಟು ಗಂಟೆಗೆ, ಯಾವಾಗ ನೋವು ಬಂತು, ಎಲ್ಲ ಒಂದು ಪುಸ್ತಕದಲ್ಲಿ ಬರೆದು ತನ್ನಿ. ‘ನಿಜ ಬರೀಬೇಕು ಸಾರ್.’

ಬರೆದೆ. ಇಡ್ಲಿ ಎರಡು, ಅನ್ನ ಸಾರು, ಮಜ್ಜಿಗೆ, ರಾತ್ರಿ ಮುದ್ದೆ. ಸಾತ್ವಿಕ ಪುಸ್ತಕ. ಭಾನುವಾರ ರಾತ್ರಿ ನಮ್ಮನೆಯವಳು ಕನ್ನಡಕ ಹಾಕಿಕೊಂಡು ಅದನ್ನು ಮೊದಲ ಪುಟದಿಂದ ಓದಿದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಅವಳ ಫೋನು. ನಮ್ಮದು ಜಂಟಿ ಖಾತೆ. ನಾನು ಎಲ್ಲಿ ಸ್ಕ್ಯಾನ್ ಮಾಡಿದರೂ ಬ್ಯಾಂಕಿನ ಮೆಸೇಜು ಬರುವುದು ಅವಳಿಗೆ.

‘ಬುಧವಾರ 4 ಗಂಟೆ 10 ನಿಮಿಷ, 60 ರೂಪಾಯಿ,’ ಅಂದಳು. ‘ಶುಕ್ರವಾರ 4 ಗಂಟೆ 25, ಮತ್ತೆ 60. ಸೋಮವಾರ 90. ಪುಸ್ತಕದಲ್ಲಿ ಇದ್ಯಾವುದೂ ಇಲ್ವಲ್ಲಾ.’

ಆಫೀಸಿನ ಎದುರಿನ ಗಾಡಿಯವನು ಈರುಳ್ಳಿ ಬಜ್ಜಿ ಪ್ಲೇಟಿಗೆ 30 ರೂಪಾಯಿ ತೆಗೆದುಕೊಳ್ಳುತ್ತಾನೆ.

‘ಸೋಮವಾರ ಕ್ಯಾಷಿಯರದ್ದೂ ನಾನೇ ಕೊಟ್ಟೆ,’ ಅಂದೆ.