ಗೋ ಭಾಷೆಯ ಸರಳತೆಗೆ ಬೆಲೆ ತೆತ್ತವರು ಯಾರು?

ಗೋ (Go) ಎಂಬ ಪ್ರೋಗ್ರಾಮಿಂಗ್ ಭಾಷೆ ಹೊರಬಂದಿದ್ದು 2009ರಲ್ಲಿ. ಅದಕ್ಕೆ ಜೆನೆರಿಕ್ಸ್, ಅಂದರೆ ಒಂದೇ ಫಂಕ್ಷನ್ನನ್ನು ಬೇರೆ ಬೇರೆ ಟೈಪ್‌ಗಳಿಗೆ (ಪೂರ್ಣಾಂಕ, ದಶಮಾಂಶ, ಪಠ್ಯದಂಥ ಡೇಟಾ ಬಗೆಗಳಿಗೆ) ಬರೆಯುವ ಸೌಲಭ್ಯ, ಬಂದಿದ್ದು 2022ರ ಮಾರ್ಚ್‌ನಲ್ಲಿ, 1.18ನೇ ಆವೃತ್ತಿಯಲ್ಲಿ. ಅಷ್ಟೂ ವರ್ಷ ‘ಭಾಷೆ ಸರಳವಾಗಿರಲಿ, ಜೆನೆರಿಕ್ಸ್ ಯಾಕೆ ಬೇಕು?’ ಎಂದು ವಾದಿಸಿದವರಿಗೆ ಲೆಕ್ಕವಿಲ್ಲ. ಈಗ ಅವರೇ ಅದನ್ನು ಬಳಸುತ್ತಿದ್ದಾರೆ, ಇರಲಿ.

ನನ್ನ ತಕರಾರು ಆ ‘ಸರಳ’ದ ಬಗ್ಗೆ. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು? ಮ್ಯಾಥ್ ಪ್ಯಾಕೇಜಿನಲ್ಲಿ ಮ್ಯಾಕ್ಸ್ ಫಂಕ್ಷನ್ ಇತ್ತು, ಆದರೆ ಫ್ಲೋಟ್64ಕ್ಕೆ (64 ಬಿಟ್‌ನ ದಶಮಾಂಶ ಸಂಖ್ಯೆಗೆ) ಮಾತ್ರ. ಕೈಯಲ್ಲಿರುವುದು 64 ಬಿಟ್‌ನ ಪೂರ್ಣಾಂಕವಾದರೆ ಅದನ್ನು ಫ್ಲೋಟ್ ಮಾಡಿ, ಹೋಲಿಸಿ, ಮತ್ತೆ ಪೂರ್ಣಾಂಕಕ್ಕೆ ತಿರುಗಿಸಬೇಕು. 9007199254740993 ಎಂಬ ಸಂಖ್ಯೆಯನ್ನು ಹೀಗೆ ಕಳುಹಿಸಿ ನೋಡಿ, ಮರಳಿ ಬರುವಾಗ ಕೊನೆಯ 3 ಹೋಗಿ 2 ಆಗಿರುತ್ತದೆ. ಫ್ಲೋಟ್64ರಲ್ಲಿ ಪೂರ್ಣಾಂಕದ ನಿಖರತೆಗೆ 53 ಬಿಟ್ ಅಷ್ಟೇ ಜಾಗ. ಓಡಿಸುವ ಮೊದಲು ಕೋಡನ್ನು ಪರೀಕ್ಷಿಸಿ ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಗ್ರಾಹಕರ ಐಡಿಯೊಂದು ಹೀಗೆ ಬದಲಾದರೆ ಹುಡುಕುವವರು ಯಾರು?

ಬೇಡವೆಂದರೆ ಪ್ರತಿ ಟೈಪ್‌ಗೂ ಅದೇ ಫಂಕ್ಷನ್ನಿನ ನಕಲು. ಇಲ್ಲವೇ ಖಾಲಿ ಇಂಟರ್ಫೇಸ್: ಏನನ್ನು ಬೇಕಾದರೂ ಒಳಗೆ ಹಾಕಬಹುದು, ಹೊರಗೆ ತೆಗೆಯುವಾಗ ಟೈಪ್ ತಪ್ಪಿದರೆ ಪ್ರೋಗ್ರಾಮ್ ಓಡುತ್ತಿರುವಾಗಲೇ ಪ್ಯಾನಿಕ್, ಅಂದರೆ ಕುಸಿತ. ಕಂಪೈಲರ್ ಹಿಡಿಯಬೇಕಾದ ತಪ್ಪನ್ನು ರಾತ್ರಿ ಪಾಳಿಯವರು ಹಿಡಿಯಬೇಕೆಂದಾದರೆ ಓಡಿಸುವ ಮೊದಲೇ ಟೈಪ್ ಪರೀಕ್ಷಿಸುವ ಈ ಸ್ಟ್ಯಾಟಿಕ್ ಟೈಪಿಂಗ್ ಯಾವ ಸೌಭಾಗ್ಯಕ್ಕೆ?

ತಮಾಷೆಯೆಂದರೆ, ಭಾಷೆ ಕಟ್ಟಿದವರು ತಮಗೆ ಈ ಸೌಲಭ್ಯವನ್ನು ಆರಂಭದ ವರ್ಷಗಳಿಂದಲೇ ಇಟ್ಟುಕೊಂಡಿದ್ದರು. ಭಾಷೆಯೊಳಗೇ ಇದ್ದ ಅಪೆಂಡ್, ಕಾಪಿ, ಮ್ಯಾಪ್, ಚಾನೆಲ್ ಎಲ್ಲವೂ ಯಾವ ಟೈಪ್ ಕೊಟ್ಟರೂ ನಡೆಯುತ್ತಿದ್ದವು. ಬಾಗಿಲು ಮುಚ್ಚಿದ್ದು ನಮಗೆ ಮಾತ್ರ.

ತಡವಾಗಿದ್ದರಿಂದ ಲಾಭವೇ ಆಗಲಿಲ್ಲ ಎನ್ನಲಾರೆ. 2004ರಲ್ಲಿ ಜೆನೆರಿಕ್ಸ್ ತಂದಾಗ ಜಾವಾ ಭಾಷೆ ಹಳೆಯ ಕೋಡ್ ಮುರಿಯಬಾರದೆಂದು ಕಂಪೈಲ್ ಆದ ಮೇಲೆ ಟೈಪ್ ವಿವರವನ್ನು ಅಳಿಸಿಬಿಡುವ ದಾರಿ ಹಿಡಿಯಿತು. ಅಲ್ಲಿ ಬರೀ ಇಂಟ್‌ಗಳ (ಪೂರ್ಣಾಂಕಗಳ) ಲಿಸ್ಟ್ ಬೇಕೆಂದರೆ ಇಂದಿಗೂ ಇಂಟೀಜರ್ ವಸ್ತುವಿನೊಳಗೆ ಸುತ್ತಿಡಬೇಕು. ಗೋ ಆ ಗೋಜಿಗೆ ಹೋಗಲಿಲ್ಲ. 2023ರ 1.21ರಲ್ಲಿ ಮಿನ್, ಮ್ಯಾಕ್ಸ್ ಭಾಷೆಯೊಳಗೇ ಬಂದವು.

ಈಗ ಕಾಟ ಇನ್ನೊಂದು ಕಡೆಯಿಂದ. ರಿವ್ಯೂಗೆ ಬರುವ ಕೋಡಿನಲ್ಲಿ ಕಂಡಕಂಡಲ್ಲಿ ಟೈಪ್ ಪ್ಯಾರಾಮೀಟರ್, ಅಂದರೆ ಚೌಕ ಆವರಣದೊಳಗೆ ಬರೆಯುವ ಜೆನೆರಿಕ್ ಟೈಪ್. ಫಂಕ್ಷನ್ ಮಾಡುವುದು ರೀಡ್ ಮೆಥಡ್ ಕರೆಯುವುದನ್ನು ಮಾತ್ರ. ಅದಕ್ಕೆ ರೀಡ್ ಮೆಥಡ್ ಇರುವ ಯಾವ ಟೈಪನ್ನಾದರೂ ಒಪ್ಪುವ, ಐಒ ಪ್ಯಾಕೇಜಿನ ರೀಡರ್ ಇಂಟರ್ಫೇಸ್ ಧಾರಾಳ ಸಾಕು. ಒಳಗೆ ಕೊಟ್ಟ ಟೈಪೇ ಹೊರಗೂ ಬರಬೇಕು, ಅಥವಾ ಸ್ಲೈಸ್ (ಪಟ್ಟಿ), ಮ್ಯಾಪ್‌ಗಳ ಒಳಗೆ ಏನಿದ್ದರೂ ಕೆಲಸ ನಡೆಯಬೇಕು ಎಂದಾಗ ಜೆನೆರಿಕ್ಸ್ ಬಳಸಿ, ನಾನು ಅಡ್ಡ ಬರುವುದಿಲ್ಲ. ಉಳಿದ ಕಡೆ ಆ ಚೌಕ ಆವರಣಗಳನ್ನು ತೆಗೆದು ಕಳುಹಿಸಿ, ಆಮೇಲೆ ಓದುತ್ತೇನೆ.