ಒಡೆಯಿರಿ, ಓದಬೇಡಿ

ಅಮೆರಿಕ 2025ರ ಆಗಸ್ಟ್ 29ರಿಂದ ಹೊರದೇಶದ ಪೊಟ್ಟಣಗಳಿಗಿದ್ದ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು ಕಿತ್ತುಹಾಕಿದ್ದೇ ತಡ, ಎಲ್ಲರೂ ಸುಂಕದ ಲೆಕ್ಕ ಹಾಕುತ್ತ ಕುಳಿತರು. ಅಂಚೆ ಬಿಚ್ಚುವ ಕೈಗಳನ್ನು ಹೊಗಳಲು ಮಾತ್ರ ಒಬ್ಬರಿಗೂ ಪುರುಸೊತ್ತಿಲ್ಲ. ಆ ಪುಣ್ಯ ನನಗಿರಲಿ.

ಅಲ್ಲಿನ ನಿಯಮ ಕೇಳಿ. ಹೊರದೇಶದಿಂದ ಬಂದ ಲಕೋಟೆಯಲ್ಲಿ ಪತ್ರದ ಜೊತೆ ಬೇರೇನೋ ಇದೆಯೆಂದು ಅನುಮಾನಿಸಲು ಕಾರಣವಿದ್ದರೆ ಕಸ್ಟಮ್ಸ್ ಅಧಿಕಾರಿ ವಾರಂಟ್ ಇಲ್ಲದೆಯೇ ಒಡೆಯಬಹುದು. ಆದರೆ ಒಳಗಿನ ಪತ್ರವನ್ನು ಓದುವಂತಿಲ್ಲ! ಅದಕ್ಕೆ ವಾರಂಟ್ ಬೇಕು, ಇಲ್ಲವೇ ಬರೆದವರೋ ಪಡೆಯುವವರೋ ಒಪ್ಪಬೇಕು. ಎಂಥ ಜಿತೇಂದ್ರಿಯರು ನೋಡಿ. ಕಾಗದ ಹೊರಗೆಳೆಯುತ್ತಾರೆ, ಮಡಿಕೆ ಬಿಡಿಸುತ್ತಾರೆ, 'ಪ್ರಿಯ' ಎಂಬ ಅಕ್ಷರ ಕಣ್ಣಿಗೆ ಬೀಳುವಷ್ಟರಲ್ಲಿ ದೃಷ್ಟಿಯನ್ನು ಮೂಗಿನ ತುದಿಗೆ ತಂದು ನಿಲ್ಲಿಸುತ್ತಾರೆ.

ಈ ಯೋಗಕ್ಕೆ 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದೀಕ್ಷೆಯನ್ನೂ ಕೊಟ್ಟಿದೆ. ಅದು ರಾಮ್ಸೆ ಪ್ರಕರಣ. ಥಾಯ್ಲೆಂಡಿನಿಂದ ಬಂದ ಎಂಟು ಉಬ್ಬಿದ ಲಕೋಟೆಗಳು. ನ್ಯೂಯಾರ್ಕಿನ ಇನ್‌ಸ್ಪೆಕ್ಟರ್ ಅದುಮಿ ನೋಡಿದ, ಒಂದನ್ನು ತೂಗಿದ: 42 ಗ್ರಾಂ. ಒಡೆದರೆ ಹೆರಾಯಿನ್. ಅವನ ಬೆರಳಿಗೆ ನಾನೂ ಶರಣು. ಆದರೆ ತೀರ್ಪು ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಉಬ್ಬಿದ ಲಕೋಟೆಗೆ ನಿಲ್ಲಲಿಲ್ಲ. ಗಡಿ ದಾಟಿ ಬಂತು ಎನ್ನುವುದೊಂದೇ ಶೋಧ ಸಮಂಜಸವೆನಿಸಲು ಸಾಕು ಎಂದರು. ದೇಶದೊಳಗೇ ಓಡಾಡುವ ಮುಚ್ಚಿದ ಪತ್ರಕ್ಕೋ, 1878ರಿಂದಲೂ ವಾರಂಟಿನ ಕಾವಲು! ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ, ಅವರಲ್ಲೊಬ್ಬರು ಭಿನ್ನಮತ ಬರೆದರು. ಬರೆದು ಏನು ಬಂತು?

ಇನ್ನು ಹೊರಹೋಗುವ ಅಂಚೆಯ ವೇದಾಂತವೇ ಬೇರೆ. 2002ರ ವ್ಯಾಪಾರ ಕಾಯ್ದೆಯ ಪ್ರಕಾರ ಮುಚ್ಚಿದ ಅಂಚೆ 16 ಔನ್ಸ್, ಅಂದರೆ ಸುಮಾರು 454 ಗ್ರಾಂ ಮೀರದಿದ್ದರೆ ವಾರಂಟ್ ಬೇಕು. ಮೀರಿದರೆ ಸಕಾರಣ ಅನುಮಾನವೇ ಸಾಕು. ವಿರಹಿಗಳು ಸಂಕ್ಷೇಪವಾಗಿ ಬರೆಯುವುದು ಕ್ಷೇಮ. 455ನೆಯ ಗ್ರಾಮಿನ ನಿಟ್ಟುಸಿರು ಸರ್ಕಾರದ್ದು.

ನಗುವುದಕ್ಕೂ ಬೇಸರವಾಗುತ್ತದೆ. ಲಕೋಟೆಯಲ್ಲಿ ಕಾಯಿಲೆಯ ವರದಿ ಇರುತ್ತದೆ, ವಕೀಲರಿಗೆ ಬರೆದ ಗುಟ್ಟಿರುತ್ತದೆ, ಮನೆಯ ಜಗಳವಿರುತ್ತದೆ. ಅಧಿಕಾರಿ ಅದನ್ನು ಓದಲಿಲ್ಲ ಎನ್ನುವುದಕ್ಕೆ ಸಾಕ್ಷಿ ಅದೇ ಅಧಿಕಾರಿ. ಇದನ್ನು ರಕ್ಷಣೆ ಎಂದು ಕರೆಯಲು ನಾಚಿಕೆಯಾಗಬೇಕು.

2005ರ ಕೊನೆಗೆ ಅಮೆರಿಕದ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಫಿಲಿಪ್ಪೀನ್ಸಿನಿಂದ ಸ್ನೇಹದ ಪತ್ರ ಬಂದಿತ್ತು. ಒಡೆದು, ಹಸಿರು ಟೇಪು ಅಂಟಿಸಿ, ಅದರ ಮೇಲೆ 'ಗಡಿ ರಕ್ಷಣೆಯವರಿಂದ' ಎಂದು ಅಚ್ಚುಹಾಕಿ ತಲುಪಿಸಿದ್ದರು. ಯಾವ ಅನುಮಾನದ ಮೇಲೆ ಒಡೆದೆವೆಂದು ಹೇಳಲು ಟೇಪಿನಲ್ಲಿ ಜಾಗ ಸಾಲದೇ ಹೋಯಿತೆಂದು ಕಾಣುತ್ತದೆ.