ನಕ್ಷತ್ರ ಬಿದ್ದದ್ದೇ ರೋಗವಲ್ಲ

ಗಂಗಾವತಿಯ ಏಪ್ರಿಲ್ ಬಿಸಿಲಿನಲ್ಲಿ ಗರ್ಭಿಣಿಯೊಬ್ಬಳು ಮೈ ತುರಿಸುತ್ತದೆ ಎಂದರೆ ಸಿಗುವ ಉತ್ತರ ಒಂದೇ: ಬೆವರುಸಾಲೆ, ಪೌಡರ್ ಹಚ್ಚಿಕೋ. ಬಹಳ ಸಲ ಆ ಉತ್ತರ ಸರಿಯೇ. ಆದರೆ ಏಳು ತಿಂಗಳು ದಾಟಿದವಳಿಗೆ ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ತುರಿಸಿ, ರಾತ್ರಿಯಾದಂತೆ ಹೆಚ್ಚಾದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಲಿವರಿನಿಂದ ಪಿತ್ತರಸ ಸರಾಗವಾಗಿ ಹರಿಯದೆ ಅದರ ಆಮ್ಲಗಳು ರಕ್ತದಲ್ಲಿ ಏರುವ ತೊಂದರೆ ಅದಾಗಿರಬಹುದು. ವೈದ್ಯರು ಕೊಲೆಸ್ಟಾಸಿಸ್ ಎನ್ನುತ್ತಾರೆ. ತಾಯಿಗೆ ನಿದ್ದೆಗೇಡು, ಮಗುವಿಗೆ ಅಪಾಯ.

ನಾನು ಲ್ಯಾಬ್ ಟೆಕ್ನಿಷಿಯನ್. ನನ್ನ ತಕರಾರು ವೈದ್ಯರ ಮೇಲಲ್ಲ, ನಮ್ಮಂಥವರು ಮುದ್ರಿಸಿ ಕೊಡುವ ಹಾಳೆಯ ಮೇಲೆ. ಲಿವರ್ ಪರೀಕ್ಷೆಯ ವರದಿಯ ಬಲಬದಿಯಲ್ಲಿ ‘ಸಾಮಾನ್ಯ ಮಟ್ಟ’ ಎಂಬ ಸಾಲು ಇರುತ್ತದೆ. ಅಲ್ಲಿರುವುದು ಸಾಮಾನ್ಯವಾಗಿ ಗರ್ಭಿಣಿಯಲ್ಲದವರ ಲೆಕ್ಕ. ಅಲ್ಲಿ ಅಳೆಯುವ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಮಾಸು ಕೂಡ ತಯಾರಿಸುತ್ತದೆ. ಆದ್ದರಿಂದ ಕೊನೆಯ ತಿಂಗಳುಗಳಲ್ಲಿ ಅದು ದುಪ್ಪಟ್ಟಾದರೂ ಅಷ್ಟರಿಂದಲೇ ಲಿವರಿಗೆ ರೋಗ ಎನ್ನಲಾಗದು. ಯಂತ್ರಕ್ಕೇನು ಗೊತ್ತು? 260 ಬಂದರೆ ದಪ್ಪಕ್ಷರದಲ್ಲಿ ಒತ್ತಿ, ಪಕ್ಕದಲ್ಲೊಂದು ನಕ್ಷತ್ರ ಹಾಕುತ್ತದೆ. ಗಂಡನಾದವನು ಕೌಂಟರಿನಲ್ಲೇ ಬೆವರುತ್ತಾ, “ಸರ್, ಲಿವರ್ ಕೆಟ್ಟಿದೆಯಾ?” ಎಂದು ಕೇಳುತ್ತಾನೆ. ಅದೇ ಹಾಳೆಯಲ್ಲಿ ಎಎಲ್‌ಟಿ ಎಂಬ ಲಿವರಿನ ಕಿಣ್ವ 38 ಎಂದಿರುತ್ತದೆ. 40ರೊಳಗಿದೆಯಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಗರ್ಭಿಣಿಯರಲ್ಲಿ ಈ ಮಿತಿ 32ರ ಆಸುಪಾಸಿಗೆ ಇಳಿಯುತ್ತದೆ. ತುರಿಕೆಯಿರುವವಳ ಹಾಳೆಯಲ್ಲಿ ನೋಡಬೇಕಾದದ್ದು ಆ 38.

ಕಾರಟಗಿ ಕಡೆಯ ಹುಡುಗಿಯೊಬ್ಬಳು ಹಿಮೋಗ್ಲೋಬಿನ್ ಪರೀಕ್ಷೆಗೆಂದು ಬಂದಿದ್ದಳು. ಸರದಿ ಕಾಯುತ್ತಾ ಚಪ್ಪಲಿ ಬಿಟ್ಟು, ಅಂಗಾಲನ್ನು ಬೆಂಚಿನ ಕಬ್ಬಿಣದ ಕಾಲಿಗೆ ಉಜ್ಜುತ್ತಲೇ ಇದ್ದಳು. ಕೇಳಿದರೆ ಅತ್ತೆಯೇ ಉತ್ತರ ಕೊಟ್ಟರು: “ಗದ್ದೆಯ ಕೆಸರಿಗೆ ಹಾಗಾಗುತ್ತದಪ್ಪ.” ಸೊಸೆ ಮೆಲ್ಲಗೆ, “ಗದ್ದೆಗೆ ಹೋಗಿ ಎರಡು ತಿಂಗಳಾಯಿತು ಅಣ್ಣ” ಎಂದಳು. ಅವಳ ವೈದ್ಯರಿಗೆ ಫೋನ್ ಮಾಡಿದೆ. ಅವರು ತಕ್ಷಣ ಬೈಲ್ ಆಸಿಡ್, ಅಂದರೆ ಪಿತ್ತರಸದ ಆಮ್ಲದ ಪರೀಕ್ಷೆಯನ್ನೂ ಸೇರಿಸಿದರು. ಬಂದದ್ದು 46.

ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು 2022ರಲ್ಲಿ ತುರಿಕೆಯ ಜೊತೆಗೆ ಈ ಆಮ್ಲ ಲೀಟರಿಗೆ 19 ಮೈಕ್ರೋಮೋಲ್ ಮುಟ್ಟಿದರೆ ಕೊಲೆಸ್ಟಾಸಿಸ್ ಎಂದು ಗಣಿಸಲು ಹೇಳಿತು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಮಗು ಹೊಟ್ಟೆಯಲ್ಲೇ ಸಾಯುವ ಅಪಾಯ ಎದ್ದುಕಾಣುವಂತೆ ಏರುವುದು 100 ದಾಟಿದ ಮೇಲೆ. ಅಂಥ ಗರ್ಭಗಳಲ್ಲಿ ಅದು ನೂರಕ್ಕೆ ಮೂರಕ್ಕಿಂತ ಹೆಚ್ಚು. ಅಂದರೆ 46 ಬಂದವಳು ಹೆದರಬೇಕಿಲ್ಲ, ಆದರೆ ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಸಂಖ್ಯೆ ನೋಡಿ ಹೆರಿಗೆ ಯಾವಾಗ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಮೊದಲ ಸಲ ಸರಿಯಾಗಿದ್ದು ತುರಿಕೆ ಮುಂದುವರಿದರೂ ಪರೀಕ್ಷೆ ಮತ್ತೆ ಬೇಕು, ಏಕೆಂದರೆ ಕೆಲವರಲ್ಲಿ ತುರಿಕೆ ಮೊದಲು ಬಂದು ಆಮ್ಲ ಆಮೇಲೆ ಏರುತ್ತದೆ.

ಬಲ ಪಕ್ಕೆಲುಬಿನ ಕೆಳಗಿನ ನೋವಿನದು ಬೇರೆ ಕಥೆ. ಗ್ಯಾಸ್ ಎಂದು ಮಾತ್ರೆ ನುಂಗಿ ಮಲಗಬೇಡಿ. ಬಿಪಿ ಏರಿ, ಕೆಂಪು ರಕ್ತಕಣಗಳು ಒಡೆದು, ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕೆಳಗಿಳಿದು, ಲಿವರಿನ ಕಿಣ್ವಗಳು ಏರಿದ್ದರೆ ಅದು ಹೆಲ್ಪ್ ಸಿಂಡ್ರೋಮ್ ಎಂಬ ಗರ್ಭಿಣಿಯರ ತುರ್ತು ಕಾಯಿಲೆಯಾಗಿರಬಹುದು. ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಕಣ್ಣು ಹಳದಿಯಾದವಳಿಗೆ ಎಲೆರಸ ಕುಡಿಸಿ, ಬರೆ ಹಾಕಿಸಿ ದಿನ ಕಳೆಯುವುದನ್ನೂ ಬಿಡಿ.

ಆಟೋಟ್ಯಾಕ್ಸಿನ್ ಎಂಬ ಹೊಸ ಗುರುತು ರಕ್ತದಲ್ಲಿ ಸಿಕ್ಕಿದೆ, ತುರಿಕೆಯ ಮೂಲವನ್ನೇ ಅದು ತೋರಿಸಬಹುದು ಎಂದು ಸಂಶೋಧಕರು ಹೇಳುತ್ತಾರೆ. ಬರಲಿ, ಸಂತೋಷ. ಅದಕ್ಕೂ ಮೊದಲು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ “ಅಂಗಾಲು ತುರಿಸುತ್ತದೆಯೇನಮ್ಮ?” ಎಂದು ಆಶಾ ಅಕ್ಕಂದಿರು ಕೇಳುವಂತಾಗಲಿ; ಅದಕ್ಕೆ ಯಂತ್ರ ಬೇಡ, ಅನುದಾನ ಬೇಡ. ಲ್ಯಾಬ್ ಮಾಲೀಕರು ತಂತ್ರಾಂಶದವರಿಗೆ ಹೇಳಿ ಗರ್ಭಿಣಿಯರ ಮಟ್ಟವನ್ನು ಬೇರೆಯಾಗಿ ಹಾಕಿಸಲಿ.

ಬೈಲ್ ಆಸಿಡ್ ಮಾದರಿಯನ್ನು ನಾವು ಹೊರಗಿನ ದೊಡ್ಡ ಲ್ಯಾಬಿಗೆ ಕಳುಹಿಸುತ್ತೇವೆ, ಭಾನುವಾರ ಕೊರಿಯರ್ ಇಲ್ಲ. ಶನಿವಾರ ಸಂಜೆಗೆ ಮುಂದೂಡದೆ ಶುಕ್ರವಾರದೊಳಗೆ ಬನ್ನಿ. ಉಪವಾಸ ಬೇಕಿಲ್ಲ, ಊಟ ಮಾಡಿಯೇ ಬನ್ನಿ. ತಾಯಿ ಕಾರ್ಡ್ ಮರೆಯಬೇಡಿ.